ಮರುಭೂಮಿಯ ಮನೆ ಪೆಟ್ಟಿಗೆಯಾಗದಿರಲಿ, ಅಂಕಣವಾಗಿ ಬೆಳೆಯಲಿ

ನಮಸ್ಕಾರ. ಬಾಗಲಕೋಟೆಯಿಂದ ಮಾತನಾಡುತ್ತಿದ್ದೇನೆ. ಕಾರ್ಖಾನೆಯಲ್ಲಿ ತಯಾರಾಗಿ, ಲಾರಿಯಲ್ಲಿ ಬಂದು, ಕೆಲವೇ ದಿನಗಳಲ್ಲಿ ಎದ್ದು ನಿಲ್ಲುವ ಮಾಡ್ಯುಲರ್ ಮನೆಗಳೇ ಮರುಭೂಮಿಯ ಜನವಸತಿಗೆ ಪರಿಹಾರವೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಮಾಡ್ಯೂಲ್, ಅಂದರೆ ಕಾರ್ಖಾನೆಯ ಸಿದ್ಧ ಘಟಕ, ಮನೆಯ ಒಂದು ಅಂಗವಾಗಿದ್ದರೆ ಆ ಮಾತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಇಡೀ ಮನೆಯೇ ಮುಚ್ಚಿದ ಪೆಟ್ಟಿಗೆಯಾಗಿ ಬರುವುದಾದರೆ ಅಷ್ಟೇ ದೃಢವಾಗಿ ವಿರೋಧಿಸುತ್ತೇನೆ.

ನಮ್ಮದು ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಬಾಗಲಕೋಟೆ, ವಿಜಯಪುರಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಆದರೂ ಈ ವಿಷಯದಲ್ಲಿ ನಮಗೆ ಹೇಳುವುದಕ್ಕಿದೆ. ಬಿರುಬಿಸಿಲಿನಲ್ಲಿ ಮಣ್ಣು ಮತ್ತು ಕಲ್ಲಿನಿಂದ ಬದುಕು ಕಟ್ಟಿಕೊಂಡ ಸೀಮೆ ಇದು, ಜೊತೆಗೆ ಆಲಮಟ್ಟಿಯ ಹಿನ್ನೀರಿಗಾಗಿ ಊರಿಗೆ ಊರೇ ಎದ್ದು ಹೊಸ ಜಾಗಕ್ಕೆ ಹೋದ ಸೀಮೆ.

ಮೊದಲು ಮಾಡ್ಯುಲರ್ ಪದ್ಧತಿಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲಿ. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ ಒಂದು ವಾರವಾದರೂ ನೀರು ಉಣಿಸಬೇಕು. ಕುಡಿಯುವುದಕ್ಕೇ ಟ್ಯಾಂಕರ್ ಕಾಯುವ ಊರಿನಲ್ಲಿ ಆ ನೀರನ್ನು ಎಲ್ಲಿಂದ ತರಬೇಕು? ಮರುಭೂಮಿಯ ಮರಳು ಗಾಳಿಗೆ ಸವೆದು ನುಣುಪಾಗಿ ದುಂಡಗಾಗಿರುವುದರಿಂದ ಕಾಂಕ್ರೀಟಿಗೆ ಚೆನ್ನಾಗಿ ಹೊಂದುವುದಿಲ್ಲ, ಹಾಗಾಗಿ ಮರಳಿನ ನಡುವೆ ಇದ್ದೂ ಮರಳನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ನೀರಿಲ್ಲದೆ, ಬೋಲ್ಟ್ ಬಿಗಿದು ಜೋಡಿಸುವ ಕಟ್ಟಡ ಇಂಥಲ್ಲಿ ನಿಜವಾಗಿ ಉಪಕಾರಿ.

ತೊಂದರೆ ಶುರುವಾಗುವುದು ಗೋಡೆ ಮತ್ತು ಮಾಳಿಗೆಯಲ್ಲಿ. ನಮ್ಮ ಕಡೆ ರಸ್ತೆ ಕಾಮಗಾರಿಯ ಪಕ್ಕದಲ್ಲಿ ಕೂಲಿಕಾರರಿಗೆ ಹಾಕಿಕೊಡುವ ಪತ್ರಾಸ್ ಶೆಡ್‌ಗಳನ್ನು ನೀವು ನೋಡಿರುತ್ತೀರಿ. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಯಾರೂ ಇರುವುದಿಲ್ಲ. ಕೂಸನ್ನು ಬೇವಿನ ಮರದ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿಸಿರುತ್ತಾರೆ, ಒಳಗೆ ಪಾತ್ರೆ ಪಡಗ ಮಾತ್ರ. ಲೋಹದ ತಗಡು ಬಿಸಿಲನ್ನು ಹಿಡಿದಿಟ್ಟುಕೊಳ್ಳದೆ ನೇರವಾಗಿ ಒಳಕ್ಕೆ ಸಾಗಿಸುತ್ತದೆ. ತಗಡಿನ ನಡುವೆ ಥರ್ಮಾಕೋಲಿನಂಥ ಪದರ ಸೇರಿಸಿದ ಪ್ಯಾನೆಲ್ ಬಿಸಿಯನ್ನು ತಡೆಯುವುದು ನಿಜ, ಆದರೆ ಅದಕ್ಕೆ ತೂಕವಿಲ್ಲ; ಒಲೆಯಿಂದ, ಮೈಯಿಂದ ಹುಟ್ಟಿದ ಶಾಖವನ್ನು ಹೀರಿಕೊಳ್ಳುವ ಶಕ್ತಿ ಅದರಲ್ಲಿಲ್ಲದ ಕಾರಣ ಒಳಗಿನ ಸೆಕೆ ಒಳಗೇ ಉಳಿಯುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಿ ಬರಲು ಹಗಲಿನ ಬಿಸಿಗೆ ಹತ್ತು ಗಂಟೆಗೂ ಹೆಚ್ಚು ಬೇಕು, ಅಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ. ಹಗಲು ಸುಡುತ್ತ ರಾತ್ರಿ ತಣಿಯುವ ಮರುಭೂಮಿಗೆ ಇದಕ್ಕಿಂತ ತಕ್ಕ ಗೋಡೆ ಇಲ್ಲ. ಇನ್ನೊಂದು ಸಂಗತಿಯೂ ಇದೆ: ರಾತ್ರಿಗೂ ಹಗಲಿಗೂ ನಡುವೆ ಮೇಲ್ಮೈ ಉಷ್ಣತೆ 40 ಡಿಗ್ರಿಯಷ್ಟು ಏರುಪೇರಾದರೆ ಆರು ಮೀಟರ್ ಉದ್ದದ ಉಕ್ಕಿನ ಹಾಳೆ ಸುಮಾರು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ದಿನವೂ ಹೀಗಾದರೆ ಸಂದಿಯ ಅಂಟು ಬಿರಿಯದೆ ಇರುವುದಿಲ್ಲ, ಬಿರಿದ ಸಂದಿಯಲ್ಲಿ ದೂಳು ನುಗ್ಗದೆ ಇರುವುದಿಲ್ಲ.

ಗೋಡೆಗಿಂತಲೂ ಮಾಳಿಗೆ ಮುಖ್ಯ. ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮಲ್ಲಿ ಮೇ ತಿಂಗಳ ಮೊದಲ ದಿನಗಳ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಹಳೆಯ ಮಾಳಿಗೆ ಮನೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಸೊಪ್ಪುಸದೆಯ ಹಾಸು, ಮೇಲೆ ದಪ್ಪಗೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಕರಲು ಮಣ್ಣಿನ ಲೇಪ. ನಡುವೆ ಒಂದು ಬೆಳಕಿಂಡಿ: ಬೆಳಕು ಅದರಿಂದ ಇಳಿಯುತ್ತದೆ, ಬಿಸಿಗಾಳಿ ಅದರಿಂದಲೇ ಏರಿ ಹೋಗುತ್ತದೆ, ಮಳೆ ಬಂದಾಗ ಮೇಲೆ ಹತ್ತಿ ಅದನ್ನು ಮುಚ್ಚಿ ಬರುತ್ತಾರೆ. ಆದರೆ ಈ ಮನೆಯನ್ನು ಕುರುಡಾಗಿ ಹೊಗಳಬೇಕಾಗಿಲ್ಲ. ಜಡಿಮಳೆ ಹಿಡಿದಾಗ ಮಾಳಿಗೆ ಸೋರುತ್ತದೆ, ನೆನೆದ ಗೋಡೆ ಕುಸಿದು ಜೀವ ತೆಗೆಯುತ್ತದೆ. 2019ರ ನೆರೆಯಲ್ಲಿ ಮಲಪ್ರಭೆ, ಘಟಪ್ರಭೆಯ ದಂಡೆಯ ಊರುಗಳು ಇದನ್ನು ಕಂಡಿವೆ. ಅಲ್ಜೀರಿಯಾದ ಟಿಂಡೂಫ್ ಬಳಿಯ, ಪಶ್ಚಿಮ ಸಹಾರಾದಿಂದ ಬಂದ ಸಹರಾವಿ ನಿರಾಶ್ರಿತರ ಶಿಬಿರಗಳಲ್ಲಿಯೂ 2015ರ ಅಕ್ಟೋಬರಿನ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ಕರಗಿಹೋದವು. ಮರುಭೂಮಿಯಲ್ಲೂ ಮಳೆ ಒಮ್ಮೊಮ್ಮೆ ಒಂದೇ ಏಟಿಗೆ ಸುರಿಯುತ್ತದೆ.

ಹಾಗಾದರೆ ಕಾರ್ಖಾನೆ ಏನು ಮಾಡಬೇಕು, ಊರು ಏನು ಮಾಡಬೇಕು? ನಮ್ಮ ಹಿರಿಯರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಜಂತಿಯ ಉದ್ದಕ್ಕೆ ತಕ್ಕಂತೆ ಕಂಬದಿಂದ ಕಂಬಕ್ಕೆ ಒಂದು ಅಂಕಣ. ಬಡವನದು ಎರಡಂಕಣದ ಮನೆ, ಮಗನ ಮದುವೆಯಾದಾಗ ಇನ್ನೊಂದು ಅಂಕಣ, ಎತ್ತು ಹೆಚ್ಚಾದರೆ ದನದ ಕಡೆಗೆ ಮತ್ತೊಂದು. ಮಾಡ್ಯುಲರ್ ವಿನ್ಯಾಸಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿಯನ್ನು ನಾನು ಕಂಡಿಲ್ಲ. ಕಾರ್ಖಾನೆ ಕಂಬ, ತೊಲೆ, ಜೋಡಣೆಯ ತುಂಡುಗಳು, ನಡುವೆ ಗಾಳಿಯಾಡುವ ಎರಡು ಪದರದ ಚಾವಣಿ, ಬಚ್ಚಲು–ಶೌಚಾಲಯದ ಸಿದ್ಧ ಘಟಕ, ಇಷ್ಟನ್ನು ಅಳತೆ ತಪ್ಪದೆ ಕಳುಹಿಸಲಿ. ಚಾವಣಿಯ ಭಾರವನ್ನು ಕಂಬಗಳೇ ಹೊರುವುದರಿಂದ ಗೋಡೆ ಕುಸಿದರೂ ಅದು ತಲೆಯ ಮೇಲೆ ಬೀಳುವುದಿಲ್ಲ. ಗೋಡೆಯನ್ನು ಊರಿನ ಗೌಂಡಿಗಳು ಗುಳೇದಗುಡ್ಡದ ಕಲ್ಲಿನಿಂದಲೋ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯಿಂದಲೋ ಕಟ್ಟಲಿ. ಎರೆ ಮಣ್ಣು ಇದಕ್ಕೆ ಒಗ್ಗದು, ಕೆಂಪು ಮಣ್ಣನ್ನೇ ಹುಡುಕಬೇಕು.

ಬೆಳೆಯುವ ಮನೆಯ ವಿಷಯದಲ್ಲಿ ಚಿಲಿ ದೇಶದ ಇಕಿಕೆ ನಗರದ ಕಿಂತಾ ಮೊನ್ರೋಯ್ ಬಡಾವಣೆಯನ್ನು ನೋಡಬೇಕು. ಅಟಕಾಮಾ ಮರುಭೂಮಿಯ ಅಂಚಿನಲ್ಲಿ, ಸರಕಾರದ ಅನುದಾನ ಪೂರ್ಣ ಮನೆಗೆ ಸಾಲದಿದ್ದಾಗ, ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೇನಾ ಅವರ ತಂಡ ಸುಮಾರು ನೂರು ಕುಟುಂಬಗಳಿಗೆ ಮನೆಯ ಕಷ್ಟದ ಅರ್ಧವನ್ನು ಕಟ್ಟಿಕೊಟ್ಟು, ಉಳಿದರ್ಧದ ಜಾಗವನ್ನು ಅವರವರ ಶಕ್ತಿಗೆ ಬಿಟ್ಟಿತು. ಜೋರ್ಡಾನಿನ ಜಾತರಿ ಶಿಬಿರದ ಕತೆ ಬೇರೆ. 2012ರಲ್ಲಿ ತೆರೆದ ಆ ಶಿಬಿರದಲ್ಲಿ ಸಿರಿಯಾದ ನಿರಾಶ್ರಿತರಿಗೆ ಡೇರೆಗಳ ನಂತರ ಸಿದ್ಧ ಪೆಟ್ಟಿಗೆ ಮನೆಗಳು ಬಂದವು. ಅನೇಕ ಕುಟುಂಬಗಳು ಸಾಲಾಗಿ ನಿಲ್ಲಿಸಿದ್ದ ಅವುಗಳನ್ನು ತಾವೇ ಸರಿಸಿ, ನಂಟರಿಷ್ಟರ ಮನೆಗಳ ನಡುವೆ ಅಂಗಳ ಮಾಡಿಕೊಂಡವು. ವಿನ್ಯಾಸಕರು ಬಿಟ್ಟದ್ದನ್ನು ಜನ ತಾವೇ ತುಂಬಿಕೊಂಡರು.

2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಮನೆಗಳು ಹಲವೆಡೆ ಖಾಲಿ ಬಿದ್ದದ್ದನ್ನು ನೆನೆದಾಗ ನನಗೆ ನೋವಾಗುತ್ತದೆ. ಗೋಡೆ, ಚಾವಣಿ ಇದ್ದವು. ದನ ಕಟ್ಟಲು, ಮೇವು ಒಟ್ಟಲು, ಚೀಲ ಇಳಿಸಲು ಜಾಗವಿರಲಿಲ್ಲ, ಹೊಲ ದೂರವಾಗಿತ್ತು. ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಉದ್ದೇಶವಿದೆ, ಅಂದರೆ ಮತ್ತಷ್ಟು ಊರುಗಳು ಏಳಬೇಕಾಗುತ್ತದೆ. ಹೊಸ ಪುನರ್ವಸತಿ ಕೇಂದ್ರಗಳಿಗೆ ಮಾಡ್ಯುಲರ್ ಮನೆ ಮಾರಲು ಬರುವ ಯಾವುದೇ ಕಂಪನಿಯನ್ನು ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕೋಣೆಯೊಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಕೇಳಬೇಕು. ಬಿರಿದ ಸಂದಿಯನ್ನು ನಮ್ಮೂರಿನ ಗೌಂಡಿ ರಿಪೇರಿ ಮಾಡಬಲ್ಲನೇ, ಮೂರನೇ ಅಂಕಣವನ್ನು ಎಲ್ಲಿ ಸೇರಿಸಬೇಕು ಎಂದೂ ಕೇಳಬೇಕು. ಮೊದಲು ಒಂದೇ ಓಣಿಯನ್ನು ಕಟ್ಟಿ, ಕುಟುಂಬಗಳು ತಮ್ಮ ದನಕರುಗಳೊಂದಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಬಾಳಿ ನೋಡಿದ ಮೇಲೆಯೇ ಉಳಿದ ಓಣಿಗಳಿಗೆ ಟೆಂಡರ್ ಕರೆಯಲಿ.