ಗುಂಡಿ ಒತ್ತಿದ ಬೆರಳು

ಕೇಳುಗರಿಗೆ ನಮಸ್ಕಾರ.

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜಿಸುವ ನಾಡು ನಮ್ಮ ಕೊಡಗು. ಕೋವಿಯನ್ನು ಆಟಿಕೆಯಂತೆ ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದೇ ಮಕ್ಕಳು ಮಳೆಗಾಲದ ರಜೆಯಲ್ಲಿ ಮೊಬೈಲ್ ಹಿಡಿದು ಕೂತರೆ, ಎಷ್ಟು ಜನರಿಗೆ ಗುಂಡು ಹೊಡೆದರೆಂಬ ಲೆಕ್ಕವೇ ಇರುವುದಿಲ್ಲ. ಅಂಥ ಆಟಗಳ ಮೇಲಿನ ದೂರು ನೀವು ಕೇಳಿಯೇ ಇದ್ದೀರಿ. ಹೊಡೆದವನಿಗೆ ಹೊಡೆತದ ಭಾರ ತಿಳಿಸುವ ಆಟಗಳೂ ಇವೆ. ಇವತ್ತಿನ ಮಾತು ಅವುಗಳದ್ದು.

2015ರಲ್ಲಿ ಟೋಬಿ ಫಾಕ್ಸ್ ತಯಾರಿಸಿದ 'ಅಂಡರ್‌ಟೇಲ್' ಎಂಬ ವಿಡಿಯೊ ಆಟ ನೋಡಿ. ನೆಲದಡಿಯ ಲೋಕಕ್ಕೆ ಬಿದ್ದ ಮಗುವನ್ನು ಟೋರಿಯಲ್ ಎಂಬ ತಾಯಿಯಂಥವಳು ಕೈಹಿಡಿದು ನಡೆಸುತ್ತಾಳೆ, ತಿಂಡಿ ಮಾಡಿಕೊಡುತ್ತಾಳೆ. ಹೊರಡುತ್ತೇನೆಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅವಳನ್ನು ಹೊಡೆಯದೆ ದಾರಿಯಿಲ್ಲ ಅನ್ನಿಸುತ್ತದೆ. ದಾರಿ ಇದೆ: ಏಟು ಬೀಳುತ್ತಿದ್ದರೂ ಕೈ ಎತ್ತದೆ ಮತ್ತೆ ಮತ್ತೆ ಅವಳನ್ನು ಬಿಟ್ಟುಬಿಡಬೇಕು. ಅಷ್ಟು ತಾಳ್ಮೆ ಎಲ್ಲರಿಗೆಲ್ಲಿ? ಕೊಂದ ಮೇಲೆ ಸಂಕಟವಾಗಿ, ಹಿಂದೆ ಸೇವ್ ಮಾಡಿದ್ದಲ್ಲಿಂದ ಮತ್ತೆ ಆಡಿ ಅವಳನ್ನು ಉಳಿಸಿಕೊಂಡಿರಿ ಅನ್ನಿ. ಮುಂದೆ ಫ್ಲೋವಿ ಎಂಬ ಮಾತಾಡುವ ಹೂವು ಎದುರಾಗಿ, ನೀನು ಮಾಡಿದ್ದು ನನಗೆ ಗೊತ್ತು ಅನ್ನುತ್ತದೆ. ಎದೆ ಝಲ್ಲೆನ್ನುತ್ತದೆ. ಕಾದಂಬರಿಯಲ್ಲಿ ಕೊಲ್ಲುವವನು ಬೇರೊಬ್ಬ. ಇಲ್ಲಿ ಗುಂಡಿ ಒತ್ತಿದ ಬೆರಳು ನಮ್ಮದೇ.

ಪೋಲೆಂಡಿನವರು 2014ರಲ್ಲಿ ತಂದ 'ದಿಸ್ ವಾರ್ ಆಫ್ ಮೈನ್' ಆಟಕ್ಕೆ ಬೋಸ್ನಿಯಾ ಯುದ್ಧದ ಕಾಲದ ಸರಾಯೆವೊ ನಗರದ ಮುತ್ತಿಗೆಯೇ ಪ್ರೇರಣೆ. ಅದರಲ್ಲಿ ನಾವು ಸೈನಿಕರಲ್ಲ, ಹಸಿದ ಊರಿನವರು. ನಿರಾಯುಧರಾದ ಮುದುಕ ಮುದುಕಿಯ ಮನೆಯಿಂದ ಔಷಧಿ, ಊಟ ಕದ್ದು ತರಬಹುದು. ತಂದವನು ಆಮೇಲೆ ಮಂಕಾಗಿ ಕೂರುತ್ತಾನೆ.

ನನಗೆ ಇವೆಲ್ಲಕ್ಕಿಂತ ಮೇಲೆನಿಸುವುದು ಲೂಕಸ್ ಪೋಪ್ ಅವರ 2013ರ 'ಪೇಪರ್ಸ್, ಪ್ಲೀಸ್'. ಗಡಿಯ ಚೆಕ್‌ಪೋಸ್ಟಿನಲ್ಲಿ ಕಾಗದಪತ್ರ ನೋಡುವ ನೌಕರಿ. ಗಂಡನ ಕಾಗದ ಸರಿಯಿದೆ, ಹಿಂದೆ ಬರುವ ಹೆಂಡತಿಯದ್ದು ಇಲ್ಲ. ಒಳಗೆ ಬಿಟ್ಟರೆ ನೋಟಿಸು ಬರುತ್ತದೆ. ಹೀಗೆ ತಪ್ಪು ಹೆಚ್ಚಿದರೆ ಸಂಬಳಕ್ಕೇ ಕತ್ತರಿ. ಮನೆಯಲ್ಲಿ ಮಗುವಿಗೆ ಕಾಯಿಲೆ ಬಂದರೆ ಔಷಧಿಗೂ ಅದೇ ಸಂಬಳ. ಕೋವಿಯಿಲ್ಲ, ರಕ್ತವಿಲ್ಲ. ಒಂದು ಮೊಹರು ಅಷ್ಟೇ.

2012ರ 'ಸ್ಪೆಕ್ ಆಪ್ಸ್: ದಿ ಲೈನ್' ಬಗ್ಗೆ ನನಗೆ ತಕರಾರಿದೆ. ಅಮಾಯಕರ ಮೇಲೆ ಮೈ ಸುಡುವ ಬಿಳಿ ರಂಜಕ ಸುರಿಯದೆ ಆಟ ಮುಂದೆ ಸಾಗದು. ಸುರಿದ ಮೇಲೆ ನಮ್ಮನ್ನೇ ದೂರುತ್ತದೆ. ಆಡುವುದನ್ನು ನಿಲ್ಲಿಸಬಹುದಿತ್ತಲ್ಲ ಎಂದು ಅದರ ಅಭಿಮಾನಿಗಳು ವಾದಿಸುತ್ತಾರೆ. ನಾನು ಒಪ್ಪಲಾರೆ. ಟೋರಿಯಲ್ ಎದುರು ಇನ್ನೊಂದು ದಾರಿ ನಿಜವಾಗಿಯೂ ಇತ್ತು, ಅದಕ್ಕೇ ಆ ನೋವು ನನ್ನದಾಯಿತು.

ನಮಸ್ಕಾರ.