ಸಾಕಾಯಿತು ಎಂದವನಿಗೆ ರೊಟ್ಟಿ ಕೊಟ್ಟ ದೇವರು

ಪ್ರಿಯ ಸಹೋದರ ಸಹೋದರಿಯರೇ,

ಕಾಯಿಲೆ ಇರುವ ಮನೆಗೆ, ಸಾವಾದ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರುವವರೇ ಇವತ್ತು ಇಲ್ಲಿ ಜಾಸ್ತಿ ಸೇರಿದ್ದೀರಿ. ಅದಕ್ಕೇ ಪೀಠಿಕೆ ಬಿಟ್ಟು ನೇರವಾಗಿ ಕೇಳಿಕೊಳ್ಳುತ್ತೇನೆ. "ನಿಮ್ಮ ನಂಬಿಕೆ ಗಟ್ಟಿಯಾಗಿದ್ದರೆ ಹೀಗೆ ಅಳುತ್ತಿರಲಿಲ್ಲ" ಎಂಬ ಮಾತನ್ನು ನೊಂದವರ ಮನೆಯಲ್ಲಿ ದಯವಿಟ್ಟು ಯಾರೂ ಆಡಬೇಡಿ. ಪ್ರೀತಿಯಿಂದಲೇ ಆಡುತ್ತಾರೆ, ಗೊತ್ತು. ಧೈರ್ಯ ತುಂಬೋಣ ಅಂತಲೇ ಆಡುತ್ತಾರೆ. ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ ಅದು ಎರಡನೇ ಪೆಟ್ಟು. ಮಗು ಹೋಯಿತು. ಈಗ ನಿನ್ನ ನಂಬಿಕೆಯೂ ಸರಿ ಇಲ್ಲ ಅಂದರೆ ಅವಳು ಎಲ್ಲಿಗೆ ಹೋಗಬೇಕು?

ದೇವರ ಮುಂದೆ ಅಳುವುದು, ಜಗಳವಾಡುವುದು, ಯಾಕೆ ಹೀಗೆ ಮಾಡಿದೆ ಎಂದು ಕೇಳುವುದು ಅಪನಂಬಿಕೆ ಅಲ್ಲ. ಅದು ನಂಬಿಕೆಯೇ. ಕೇಳುವವರು ಯಾರೂ ಇಲ್ಲ ಅಂದುಕೊಂಡವರು ಯಾರಿಗೆ ದೂರು ಹೇಳುತ್ತಾರೆ? ದೂರು ಕೂಡ ಪ್ರಾರ್ಥನೆಯೇ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೀರ್ತನೆಗಳ ಪುಸ್ತಕವನ್ನೇ ತೆಗೆದುಕೊಳ್ಳಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟ. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ಮೊದಲ ಎರಡು ವಚನಗಳಲ್ಲೇ ದಾವೀದ ನಾಲ್ಕು ಸಲ "ಎಷ್ಟರ ವರೆಗೆ" ಅಂತ ಕೇಳುತ್ತಾನೆ. ಅಲ್ಲಿ ಕೊನೆಗಾದರೂ ಒಂದು ಹಾಡು ಬರುತ್ತದೆ. 88ನೇ ಕೀರ್ತನೆಯಲ್ಲಿ ಅದೂ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಸಮಾಧಾನಕ್ಕೆ ಇರಲಿ ಅಂತ ಕೊನೆಗೆ ಇನ್ನೊಂದು ವಚನವನ್ನು ಯಾರೂ ಸೇರಿಸಲಿಲ್ಲ. ಹಾಗೇ ಉಳಿಸಿದರು, ಹಾಗೇ ಆರಾಧನೆಯಲ್ಲಿ ಹಾಡಿದರು. ಸತ್ಯವೇದದೊಳಗೆ ಆ ಅಳುವಿಗೆ ಜಾಗ ಇದೆ ಅಂದಮೇಲೆ ನಮ್ಮ ಸಭೆಯೊಳಗೆ ಯಾಕೆ ಇರಬಾರದು?

ಈಗ ಪ್ರವಾದಿ ಎಲೀಯನ ಕಥೆಗೆ ಬರುತ್ತೇನೆ. ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಉದ್ದವಾಗಬಹುದು.

ಮೊದಲನೇ ಅರಸುಗಳು, 18ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳ ಎದುರು ಎಲೀಯ ಒಬ್ಬನೇ ನಿಂತ. ಆಕಾಶದಿಂದ ಬೆಂಕಿ ಬಿತ್ತು. ಬರಗಾಲ ಮುಗಿದು ಮಳೆ ಬಂತು. ಇಷ್ಟು ದೊಡ್ಡ ಗೆಲುವು ಯಾರಿಗೆ ಸಿಕ್ಕಿದೆ ಹೇಳಿ. ನಾವು ಪ್ರಸಂಗ ಮಾಡುವುದೂ ಸಾಮಾನ್ಯವಾಗಿ ಇಲ್ಲಿಯವರೆಗೆ ಮಾತ್ರ. 19ನೇ ಅಧ್ಯಾಯಕ್ಕೆ ಬನ್ನಿ. ಬಾಳನ ಭಕ್ತೆಯಾದ ಈಜೆಬೆಲ್ ರಾಣಿ ಒಂದು ಸುದ್ದಿ ಕಳಿಸುತ್ತಾಳೆ: ನಾಳೆ ಇಷ್ಟು ಹೊತ್ತಿಗೆ ನಿನ್ನ ಪ್ರಾಣ ಉಳಿಯುವುದಿಲ್ಲ. ಅಷ್ಟಕ್ಕೇ ಅವನು ಎದ್ದು ಓಡಿದ. 450 ಜನಕ್ಕೆ ಹೆದರದವನು ಒಂದು ಸುದ್ದಿಗೆ ಹೆದರಿದ! ಮನುಷ್ಯ ಹಾಗೇ ಅಲ್ವಾ? ದೊಡ್ಡ ಆಪರೇಷನ್ ಮುಗಿಯುವವರೆಗೂ ಗಟ್ಟಿಯಾಗಿ ನಿಂತವರು, ಎಲ್ಲ ಮುಗಿದ ಮೇಲೆ ಒಂದು ಸಣ್ಣ ಮಾತಿಗೆ ಕುಸಿದು ಕೂರುತ್ತಾರೆ. ಅಲ್ಲಿಯವರೆಗೆ ಇದ್ದಬದ್ದ ಬಲವೆಲ್ಲ ಖರ್ಚಾಗಿರುತ್ತದೆ.

ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟ. ಇದನ್ನು ಗಮನಿಸಿ. ತೀರಾ ನೊಂದವರು ಮೊದಲು ಮಾಡುವುದು ಇದನ್ನೇ, ಜೊತೆಗಿರುವವರನ್ನು ದೂರ ಇಡುತ್ತಾರೆ. ಒಂದು ದಿನದ ದಾರಿ ಮರುಭೂಮಿಯೊಳಗೆ ನಡೆದು ಒಂದು ಗಿಡದ ಕೆಳಗೆ ಕೂತು ಹೇಳಿದ: "ಸಾಕಾಯಿತು ಯೆಹೋವನೇ, ನನ್ನ ಪ್ರಾಣ ತೆಗೆದುಬಿಡು." ಪ್ರವಾದಿ ಹೇಳಿದ ಮಾತು ಇದು. ಬೆಂಕಿ ಇಳಿಸಿದವನು ಹೇಳಿದ ಮಾತು.

ಆಗ ದೇವರು ಏನು ಮಾಡಿದರು? ಬೈಯಲಿಲ್ಲ. ಕರ್ಮೆಲನ್ನು ಮರೆತೆಯಾ ಅಂತ ಕೇಳಲಿಲ್ಲ. ಅವನನ್ನು ಮಲಗಲು ಬಿಟ್ಟರು. ಆಮೇಲೆ ದೂತನು ಬಂದು ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆಯಲ್ಲಿ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೇವದೂತ ಕಣ್ಣೆದುರು ನಿಂತಿದ್ದಾನೆ, ಇವನು ತಿಂದು ಮತ್ತೆ ಮಲಗುತ್ತಾನೆ! ನೀವು ನಗುತ್ತಿದ್ದೀರಿ, ನಗಬೇಕಾದದ್ದೇ. ಅಷ್ಟು ಸುಸ್ತಾಗಿತ್ತು ಅವನಿಗೆ. ದೂತನು ಎರಡನೇ ಸಲ ಬಂದು ಹೇಳಿದ ಮಾತು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ: ಎದ್ದು ಊಟ ಮಾಡು, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು. ಶಕ್ತಿ ಸಾಲದು ಎಂಬುದನ್ನು ಪರಲೋಕವೇ ಒಪ್ಪಿಕೊಂಡಿತು. ನಾವು ಮಾತ್ರ ಒಪ್ಪುವುದಿಲ್ಲ.

ಆ ಊಟದ ಬಲದಿಂದ 40 ದಿನ ನಡೆದು ದೇವರ ಬೆಟ್ಟವಾದ ಹೋರೇಬಿಗೆ ಬಂದ. ಗಾಳಿ, ಭೂಕಂಪ, ಬೆಂಕಿ ಬಂದವು, ದೇವರು ಅವುಗಳಲ್ಲಿ ಇರಲಿಲ್ಲ, ಆಮೇಲೆ ಮೆಲ್ಲನೆಯ ಸ್ವರದಲ್ಲಿ ಮಾತಾಡಿದರು, ಅದು ನಿಮಗೆ ಗೊತ್ತಿರುವುದೇ. ನಾವು ಬಿಟ್ಟು ಓದುವ ಒಂದು ವಿಷಯ ಇದೆ. ಆ ಸ್ವರಕ್ಕೆ ಮುಂಚೆ ಎಲೀಯ ಒಂದು ದೂರು ಹೇಳುತ್ತಾನೆ: ನಾನೊಬ್ಬನೇ ಉಳಿದಿದ್ದೇನೆ, ನನ್ನನ್ನೂ ಕೊಲ್ಲಲು ನೋಡುತ್ತಿದ್ದಾರೆ. ಸ್ವರ ಕೇಳಿದ ಮೇಲೂ ಅದೇ ದೂರು, ಅದೇ ಮಾತಿನಲ್ಲಿ! ದೇವರ ಸ್ವರ ಕೇಳಿದ ತಕ್ಷಣ ದುಃಖ ಮಾಯವಾಗಲಿಲ್ಲ. ದೇವರು ಎರಡು ಸಲವೂ ಕೇಳಿಸಿಕೊಂಡರು. ಆಮೇಲೆ ಒಂದು ಕೆಲಸ ಕೊಟ್ಟರು, ಎಲೀಷನೆಂಬ ಜೊತೆಗಾರನನ್ನು ಕೊಟ್ಟರು, ನಿನ್ನಂಥವರು ಇನ್ನೂ 7000 ಜನ ಇದ್ದಾರೆ ಎಂದು ತಿಳಿಸಿದರು. ನಿದ್ದೆ, ಊಟ, ಕೆಲಸ, ಜೊತೆ. ಇವೆಲ್ಲ ಕೊಟ್ಟರು. ಯಾಕೆ ಹೀಗಾಯಿತು ಎಂಬ ವಿವರಣೆ ಮಾತ್ರ ಕೊಡಲಿಲ್ಲ.

ಯಾಕೆ ಎಂಬ ಪ್ರಶ್ನೆಗೆ ನಾವು ತುಂಬಾ ಬೇಗ ಉತ್ತರ ಕೊಡುತ್ತೇವೆ. ಪಾಪ ಇರಬೇಕು, ಶಾಪ ಇರಬೇಕು ಅಂತ. ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಅದನ್ನೇ ಕೇಳಿದರು: ಯಾರು ಮಾಡಿದ ಪಾಪ? ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದರು ಯೇಸು ಸ್ವಾಮಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಾಗಲೂ, ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಲ್ಲ ಅಂದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಅತಿ ಒಳ್ಳೆಯ ಸೇವೆ ಆ ಏಳು ದಿನ. ಆಮೇಲೆ ಬಾಯಿ ತೆರೆದು ಕಾರಣ ಹುಡುಕಲು ಶುರು ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಯಾರ ಮೇಲೆ? ದೂರು ಹೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಈ ಸ್ನೇಹಿತರ ಮೇಲೆ. ದೂರು ಕೂಡ ಪ್ರಾರ್ಥನೆ ಅಂದೆನಲ್ಲ, ಯೋಬನ 42ನೇ ಅಧ್ಯಾಯ ಅದಕ್ಕೆ ಸಾಕ್ಷಿ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ಕ್ರೈಸ್ತರಾದ ನಾವು ಶಿಲುಬೆಯ ಕಡೆಗೇ ನೋಡಬೇಕು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಅಂದರು. ಜೊತೆಗಿರಿ ಎಂದು ಮೂವರು ಸ್ನೇಹಿತರನ್ನು ಕೇಳಿಕೊಂಡರು. ಅವರು ಮಲಗಿಬಿಟ್ಟರು. ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಯೇಸು ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು. ಪಾತ್ರೆ ದೂರವಾಗಲಿಲ್ಲ. ಶಿಲುಬೆಯ ಮೇಲೆ ಅವರು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ದೇವರ ಮಗನೇ "ಯಾಕೆ" ಅಂತ ಕೇಳಿದ್ದಾರೆ ಸ್ನೇಹಿತರೇ. ಹಾಗಿರುವಾಗ ಐಸಿಯು ಬಾಗಿಲ ಹೊರಗೆ ಕೂತ ಒಬ್ಬ ಮಗಳು ಅದನ್ನೇ ಕೇಳಿದರೆ ಅವಳು ನಂಬಿಕೆಯಿಂದ ಹೊರಗೆ ಹೋದಳೇ? ಇಲ್ಲ. ಅವಳು ಯೇಸುವಿನ ಪಕ್ಕದಲ್ಲೇ ಇದ್ದಾಳೆ. ನಾನು ಇರುವ ಜಾಗಕ್ಕೆ ಅವರು ಮೊದಲೇ ಬಂದಿದ್ದಾರೆ, ಅಲ್ಲಿಂದ ಆಚೆಗೂ ದಾರಿ ತೆರೆದಿದ್ದಾರೆ. ನಮಗೆ ಬಲ ಕೊಡುವುದು ಇದು. ಪುನರುತ್ಥಾನ ಆದ ಮೇಲೂ ಅವರ ಕೈಯಲ್ಲಿ ಗಾಯದ ಗುರುತು ಇತ್ತು. ನಂಬಲಾರದೆ ಇದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದರು.

ಹತ್ತು ನಿಮಿಷ ಉಳಿದಿದೆ ಎಂದು ಚೀಟಿ ಬಂದಿದೆ. ಅಪೊಸ್ತಲನಾದ ಪೌಲನ ಬಗ್ಗೆ ಬಹಳ ಹೇಳಬೇಕೆಂದಿದ್ದೆ, ಬೇಗ ಹೇಳಿಬಿಡುತ್ತೇನೆ.

ಅವನ ಶರೀರದಲ್ಲಿ ಒಂದು ಶೂಲ ಇತ್ತು. ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ವಾಸಿಯಾಗಲಿಲ್ಲ, ಬಲ ಬಂತು. ನಂಬಿದರೆ ರೋಗ ಇರುವುದಿಲ್ಲ ಎನ್ನುವವರು ಪೌಲನ ಪತ್ರಗಳ ಈ ಸಾಲುಗಳನ್ನೂ ಓದಬೇಕು. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅನ್ನುತ್ತಾನೆ. ತನ್ನ ಶಿಷ್ಯ ತಿಮೊಥೆಯನಿಗೆ, ನಿನ್ನ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅನ್ನುತ್ತಾನೆ. ಅವನ ಜೊತೆಗಿದ್ದ ಲೂಕ ವೈದ್ಯ. ಆದ್ದರಿಂದ ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡಿ ಅಂತ ಯಾರಿಗೂ ಹೇಳಬೇಡಿ. ಮನಸ್ಸಿನ ಕಾಯಿಲೆಗೂ ಇದೇ ಮಾತು. ಯಾರಾದರೂ ಎಲೀಯನ ಹಾಗೆ ಬದುಕು ಸಾಕು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಜೊತೆಗೆ ಕೂತು, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಭೆಯ ಸುಧಾರಕ ಮಾರ್ಟಿನ್ ಲೂಥರನ ಮಗಳು ಮಗ್ದಲೇನ 1542ರಲ್ಲಿ, 13ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ದೇವರ ಬಳಿ ಇದ್ದಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಆದರೂ ಅತ್ತ. ಅಳದೆ ಇರಲು ಆಗುತ್ತಿಲ್ಲ ಎಂದು ಸ್ನೇಹಿತನಿಗೆ ಬರೆದ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ ಪೌಲ ಹೇಳಿದ್ದು. ದುಃಖವನ್ನೇ ಪಡಬೇಡಿ ಅನ್ನಲಿಲ್ಲ. ಫಾದರ್ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ, ಊರಿನಿಂದ ಹೊರಗಿಟ್ಟ ಕುಷ್ಠರೋಗಿಗಳ ನಡುವೆ ಹೋದರು. ಗಾಯ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು. 1889ರಲ್ಲಿ ಅದೇ ರೋಗದಿಂದ ತೀರಿಹೋದರು. ಅವರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಕೊನೆಗೆ, ಈ ಸಭಾಂಗಣದಲ್ಲೇ ಪ್ರಾರ್ಥನೆ ಮಾಡಲು ಆಗದೆ ಕೂತವರಿಗೆ ಒಂದು ಮಾತು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು, ಚಾವಣಿ ತೆಗೆದು ಕೆಳಗೆ ಇಳಿಸಿದರು. ಯೇಸು "ಅವರ ನಂಬಿಕೆಯನ್ನು ನೋಡಿ" ಅವನೊಂದಿಗೆ ಮಾತಾಡಿದರು ಎಂದು ಮಾರ್ಕ ಬರೆಯುತ್ತಾನೆ. ಹೊತ್ತು ತಂದವರ ನಂಬಿಕೆಯೂ ಅಲ್ಲಿ ಲೆಕ್ಕಕ್ಕೆ ಬಂತು. ನಿಮಗೆ ಹಾಡಲು ಆಗದಿದ್ದರೆ ಹಾಡಬೇಡಿ. ಸುಮ್ನೆ ಬಂದು ಕೂತುಕೊಳ್ಳಿ. ನಿಮ್ಮ ಪಾಲಿನದನ್ನು ಸಭೆ ಹಾಡುತ್ತದೆ.

ಮನೆಭೇಟಿಗೆ ಹೋಗುವವರು ಡೈರಿಯಲ್ಲಿ ಇದನ್ನು ಬರೆದಿಟ್ಟುಕೊಳ್ಳಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ತಿಂಗಳು, ಆರನೇ ತಿಂಗಳು, ವರ್ಷ ತುಂಬುವ ದಿನ ಯಾರೂ ಬರುವುದಿಲ್ಲ. ಆ ದಿನಗಳಲ್ಲಿ ಹೋಗಿ. ಹೋಗುವಾಗ ಊಟ ತಗೊಂಡು ಹೋಗಿ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಪ್ರಾರ್ಥನೆ ಮಾಡಲೇ ಅಂತ ಮೊದಲು ಕೇಳಿ. ಬೇಡ ಅಂದರೆ ಅಲ್ಲಿ ಕೂತು ಊಟ ಮಾಡಿಸಿ, ಮನೆಗೆ ಬಂದು ಪ್ರಾರ್ಥನೆ ಮಾಡಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.