ಗಾಜನೂರಿನಿಂದ ಬಂದ ಕ್ಯಾಸೆಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

2000ನೇ ಇಸವಿಯ ಜುಲೈ 30, ಭಾನುವಾರ. ಹೊಸ ಮನೆಯ ಗೃಹಪ್ರವೇಶಕ್ಕೆಂದು ದೊಡ್ಡಗಾಜನೂರಿಗೆ ಬಂದಿದ್ದ ಡಾ. ರಾಜ್‌ಕುಮಾರ್ ರಾತ್ರಿ ಊಟ ಮುಗಿಸಿ ಮನೆಯವರ ಜೊತೆ ಕುಳಿತಿದ್ದರು. ವೀರಪ್ಪನ್ ತನ್ನ ಗುಂಪಿನೊಂದಿಗೆ ಒಳನುಗ್ಗಿ ಅವರನ್ನೂ, ಅಳಿಯ ಗೋವಿಂದರಾಜ್ ಅವರನ್ನೂ, ಜೊತೆಗಿದ್ದ ಇನ್ನಿಬ್ಬರನ್ನೂ ಕಾಡಿಗೆ ಕರೆದೊಯ್ದ. ಹೋಗುವ ಮೊದಲು ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ಟು ಕೊಟ್ಟ. ಅದನ್ನು ಸರ್ಕಾರಕ್ಕೆ ತಲುಪಿಸಬೇಕು ಎಂದ. ಆ ತಾಯಿ ರಾತ್ರೋರಾತ್ರಿ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ಸುದ್ದಿ ಮುಟ್ಟಿಸಿದರು. ಬೆಳಗಾಗುವಷ್ಟರಲ್ಲಿ ನಾಡಿಗೆಲ್ಲ ಗೊತ್ತಾಗಿತ್ತು. ಅಂಗಡಿಗಳು ಬಾಗಿಲು ಹಾಕಿದವು, ಬಸ್ಸುಗಳು ನಿಂತವು, ಚಿತ್ರಮಂದಿರಗಳು ಕತ್ತಲಾದವು.

ಮುಂದಿನ 108 ದಿನಗಳ ಕಥೆ ನಿಮ್ಮಲ್ಲಿ ಅನೇಕರಿಗೆ ಚೆನ್ನಾಗಿ ನೆನಪಿದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಕಾಡಿನ ಬಗ್ಗೆ ಅಲ್ಲ, ಕಾನೂನಿನ ಬಗ್ಗೆ. ಒಬ್ಬ ಮನುಷ್ಯನನ್ನು ಹೊತ್ತೊಯ್ದವನಿಗೆ ಏನು ಶಿಕ್ಷೆ ಎನ್ನುವುದನ್ನು ನಮ್ಮ ಕಾನೂನು ಒಂದೂವರೆ ಶತಮಾನದಿಂದ ಹೇಳುತ್ತಾ ಬಂದಿದೆ. ಹೊತ್ತೊಯ್ದವನ ಎದುರು ಸರ್ಕಾರ ಏನು ಕೊಡಬಹುದು, ಏನು ಕೊಡಬಾರದು ಎನ್ನುವುದನ್ನು ಮಾತ್ರ ಅದು ಹೇಳಿರಲಿಲ್ಲ. ಆ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ಇಟ್ಟವರು ಮಗನನ್ನು ಕಳೆದುಕೊಂಡ ಒಬ್ಬ ತಂದೆ.

ಮೊದಲು ಕಾನೂನು ನಡೆದುಬಂದ ದಾರಿಯನ್ನು ಸ್ವಲ್ಪ ನೋಡೋಣ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅಪಹರಣದ ಕಲಮುಗಳು 359ರಿಂದ ಶುರುವಾಗುತ್ತವೆ. ಅವುಗಳನ್ನು ಬರೆದವರ ಕಣ್ಣ ಮುಂದೆ ಹೆಚ್ಚಾಗಿ ಇದ್ದದ್ದು ಮಕ್ಕಳು. ತಂದೆ ತಾಯಿಯ ವಶದಲ್ಲಿರುವ ಮಗುವನ್ನು ಪುಸಲಾಯಿಸಿಯೋ ಎತ್ತಿಕೊಂಡೋ ಒಯ್ದರೆ ಏಳು ವರ್ಷದವರೆಗೆ ಸಜೆ. ಆಗ ಗಂಡುಮಗುವಿಗೆ 14, ಹೆಣ್ಣುಮಗುವಿಗೆ 16 ವರ್ಷ ಎಂಬ ಮಿತಿ ಇತ್ತು. 1949ರಲ್ಲಿ ಅದು 16 ಮತ್ತು 18 ಆಯಿತು. ವಯಸ್ಕರ ವಿಷಯದಲ್ಲಿ ಬಲವಂತದಿಂದಲೋ ಮೋಸದಿಂದಲೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅಪಹರಣ. ಆದರೆ ಅದಕ್ಕೆ ತಾನಾಗಿ ಶಿಕ್ಷೆ ಇಲ್ಲ. ಕೊಲ್ಲಲು ಒಯ್ದನೇ, ಕೂಡಿಹಾಕಲು ಒಯ್ದನೇ, ಬಲವಂತದ ಮದುವೆಗೆ ಒಯ್ದನೇ ಎಂದು ಉದ್ದೇಶ ನೋಡಿ ಶಿಕ್ಷೆ. ಹಣಕ್ಕಾಗಿ ಒತ್ತೆ ಇಡುವುದಕ್ಕೆ ಪ್ರತ್ಯೇಕ ಕಲಮೇ ಇರಲಿಲ್ಲ. ಅದು ಬೇಕು ಎಂದು ಕಾನೂನು ಆಯೋಗ 1971ರಲ್ಲೇ ಹೇಳಿತ್ತು. ಬಂದದ್ದು 1993ರಲ್ಲಿ, 364-ಎ ಎಂಬ ಹೆಸರಿನಲ್ಲಿ. ಶಿಕ್ಷೆ ಮರಣದಂಡನೆ ಇಲ್ಲವೇ ಜೀವಾವಧಿ.

ಆ ಮಸೂದೆಯ ಜೊತೆ ಸರ್ಕಾರ ಸಂಸತ್ತಿಗೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು: ಜೈಲಿನಲ್ಲಿರುವ ತಮ್ಮವರನ್ನು ಬಿಡಿಸಿಕೊಳ್ಳಲು ಉಗ್ರರು ಜನರನ್ನು ಅಪಹರಿಸುವುದು ಹೆಚ್ಚಾಗಿದೆ, ಇರುವ ಕಾನೂನು ಅದನ್ನು ತಡೆಯಲು ಸಾಲದು. 1989ರ ಡಿಸೆಂಬರ್ ಆಗ ಎಲ್ಲರ ನೆನಪಿನಲ್ಲೂ ಹಸಿಯಾಗಿತ್ತು. ಕೇಂದ್ರ ಗೃಹ ಸಚಿವರ ಮಗಳನ್ನು ಶ್ರೀನಗರದಲ್ಲಿ ಅಪಹರಿಸಿದ್ದರು. ಕೆಲವೇ ದಿನಗಳಲ್ಲಿ ಐವರು ಉಗ್ರರನ್ನು ಜೈಲಿನಿಂದ ಬಿಟ್ಟು ಆಕೆಯನ್ನು ಬಿಡಿಸಿಕೊಂಡು ಬರಲಾಯಿತು. 364-ಎ ಬಂದ ಮೇಲೂ ಅದೇ ಆಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಕಂದಹಾರಕ್ಕೆ ಒಯ್ದರು, ಮೂವರು ಉಗ್ರರನ್ನು ಜೈಲಿನಿಂದ ಬಿಟ್ಟು ಪ್ರಯಾಣಿಕರನ್ನು ಕರೆತಂದೆವು. ಗಾಜನೂರಿನ ಘಟನೆ ನಡೆದದ್ದು ಇದಾಗಿ ಏಳೇ ತಿಂಗಳಿಗೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದದ್ದೂ ಉಂಟು. ಹಣಕ್ಕಾಗಿ ಅಪಹರಣ ಒಂದು ದಂಧೆಯೇ ಆಗಿಹೋಗಿದ್ದ ಇಟಲಿಯಲ್ಲಿ 1991ರಲ್ಲಿ ಒಂದು ಕಾನೂನು ಬಂತು. ಅಪಹರಣವಾದ ಕೂಡಲೇ ಆ ಮನೆಯವರ ಆಸ್ತಿ, ಬ್ಯಾಂಕ್ ಖಾತೆಗಳೆಲ್ಲ ಸ್ತಂಭನ. ಹಣ ಕೊಡಲು ಸಾಧ್ಯವೇ ಆಗದಿದ್ದರೆ ಅಪಹರಿಸುವವರು ಯಾಕೆ ಬರುತ್ತಾರೆ ಎಂಬ ಲೆಕ್ಕ ಅದು. ಮಗುವನ್ನು ಕಳೆದುಕೊಂಡ ತಾಯಿಯ ಕೈಯನ್ನು ಸರ್ಕಾರವೇ ಕಟ್ಟಿಹಾಕುವ ಇಂಥ ಕಾನೂನನ್ನು ನನ್ನ ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ.

ಮತ್ತೆ ನಮ್ಮ ಕಾಡಿಗೆ ಬರೋಣ. ವೀರಪ್ಪನ್ನನ ಬೇಡಿಕೆಗಳಲ್ಲಿ ಕಾವೇರಿ ನೀರಿತ್ತು, ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನವಿತ್ತು, ಬೆಂಗಳೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯ ಅನಾವರಣವಿತ್ತು. ಆದರೆ ನಿಜವಾದ ಚೌಕಾಸಿ ನಡೆದದ್ದು ಜೈಲಿನಲ್ಲಿದ್ದವರ ಮೇಲೆ. ತಮಿಳುನಾಡಿನ ಜೈಲಿನಲ್ಲಿದ್ದ ಐವರು, ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿದ್ದ 51 ಮಂದಿ ಕೈದಿಗಳು.

ಈ 51 ಮಂದಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ರಾಮಪುರ ಠಾಣೆಯ ಮೇಲಿನ ದಾಳಿ, ಮೀಣ್ಯದ ಹತ್ಯೆಗಳು, 1993ರ ಪಾಲಾರ್ ನೆಲಬಾಂಬ್ ಸ್ಫೋಟ ಇವುಗಳಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ಅವರು ಆರೋಪಿಗಳು. ಹಲವರು ಮಾದೇಶ್ವರನ ಬೆಟ್ಟದ ಸುತ್ತಿನ ಹಳ್ಳಿಗಳ ಬಡವರು. ಟಾಡಾ ಕಾಯ್ದೆ 1995ರಲ್ಲೇ ಕಣ್ಮುಚ್ಚಿತ್ತು, ಅದರಡಿ ಹಿಡಿದವರು 2000ದಲ್ಲೂ ಒಳಗೇ ಇದ್ದರು. ಏಳು ವರ್ಷವಾದರೂ ತೀರ್ಪು ಇಲ್ಲ. ಬೆಟ್ಟದ ಮೇಲೆ ವೀರಪ್ಪನ್ನನನ್ನು ಹಿಡಿಯಲೆಂದು ಇದ್ದ ಪೊಲೀಸರ ವಿಶೇಷ ಕಾರ್ಯಪಡೆಯ ಶಿಬಿರವಿತ್ತು. ಅಲ್ಲಿ ಹಿಂಸೆ ಕೊಡುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎನ್ನುತ್ತಿದ್ದರು. ಅಲ್ಲಿ ಕರೆಂಟ್ ಶಾಕ್ ಕೊಟ್ಟರು, ಕೈ ಹಿಂದಕ್ಕೆ ಕಟ್ಟಿ ನೇತುಹಾಕಿದರು ಎಂದು ಗಂಡಸರೂ ಹೆಂಗಸರೂ ಆಮೇಲೆ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬಂದು ಹೇಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಆ ವರದಿ ನೋಡಿ 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿ ಎಂದಿತು. ಪೊಲೀಸರ ಸಾವು ನೋವಿಗೆ ನಮ್ಮ ಕರುಳು ಕಿತ್ತುಬರುವ ಹಾಗೆ ಈ ಜನರ ಪಾಡಿಗೂ ಬರಬೇಕು. ಎರಡೂ ನಡೆದದ್ದು ಒಂದೇ ಕಾಡಿನಲ್ಲಿ.

ಸರ್ಕಾರ ಏನು ಮಾಡಿತು? ಕೃಷ್ಣ ಮತ್ತು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಕೂಡಲೇ ಚೆನ್ನೈನಲ್ಲಿ ಕೂತು ಮಾತಾಡಿದರು. ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಅವರನ್ನು ಕಾಡಿಗೆ ಕಳುಹಿಸಿದರು. ಕೈದಿಗಳ ವಿಷಯಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮನ್ನು ಹಿಡಿದರು. ನಡೆಯುತ್ತಿರುವ ಮೊಕದ್ದಮೆಯನ್ನು ಸರ್ಕಾರಿ ವಕೀಲರು ನ್ಯಾಯಾಲಯದ ಒಪ್ಪಿಗೆ ಪಡೆದು ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುವ ಕಲಮು ಅದು. ಟಾಡಾ ಆರೋಪಗಳನ್ನು ಮಾತ್ರ ಕೈಬಿಟ್ಟರೆ ಕೈದಿಗಳು ಜಾಮೀನು ಪಡೆದು ಹೊರಬರಬಹುದು ಎಂಬ ಉಪಾಯ. ವಕೀಲರು ಅರ್ಜಿ ಹಾಕಿದರು. ಮೈಸೂರಿನ ವಿಶೇಷ ನ್ಯಾಯಾಲಯ ಆಗಸ್ಟ್‌ನಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು.

ಇದನ್ನು ಪ್ರಶ್ನಿಸಿ ನಿಂತವರು ಅಬ್ದುಲ್ ಕರೀಂ. ಅವರೂ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಗ ಶಕೀಲ್ ಅಹ್ಮದ್ ಸಬ್ ಇನ್ಸ್‌ಪೆಕ್ಟರ್ ಆಗಿದ್ದರು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ವೀರಪ್ಪನ್ ಹೊಂಚುಹಾಕಿ ನಡೆಸಿದ ದಾಳಿಯಲ್ಲಿ ಎಸ್ಪಿ ಹರಿಕೃಷ್ಣ ಅವರ ಜೊತೆ ಸತ್ತರು. ಇಡೀ ರಾಜ್ಯ ಅಣ್ಣಾವ್ರು ಬಂದರೆ ಸಾಕು ಎಂದು ದೇವರಿಗೆ ಹರಕೆ ಹೊರುತ್ತಿದ್ದ ಹೊತ್ತಿನಲ್ಲಿ ಈ ತಂದೆ ದೆಹಲಿಯ ಬಾಗಿಲು ಬಡಿದರು. ಅಣ್ಣಾವ್ರು ಬರಬಾರದು ಎಂದಲ್ಲ. ಮಗನನ್ನು ಕೊಂದ ಆರೋಪ ಹೊತ್ತವರ ವಿಚಾರಣೆಯನ್ನು ಒಬ್ಬ ಕಾಡುಗಳ್ಳನ ಮಾತಿಗೆ ಕಟ್ಟುಬಿದ್ದು ಅರ್ಧಕ್ಕೆ ಬಿಡಬೇಡಿ ಎಂದು. ಆ ದಿನಗಳ ಬೆಂಗಳೂರನ್ನು ಕಂಡವರಿಗೆ ಅದಕ್ಕೆ ಎಂಥ ಎದೆಗಾರಿಕೆ ಬೇಕಿತ್ತು ಎಂಬುದು ಗೊತ್ತು. ನಾವು ಕನ್ನಡಿಗರು ಆ ಹಿರಿಯರ ಹೆಸರನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು.

ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಭರೂಚಾ, ಮಹಾಪಾತ್ರ ಮತ್ತು ಸಬರ್‌ವಾಲ್ ಅವರ ಪೀಠ ತೀರ್ಪು ಕೊಟ್ಟಿತು. ಮೈಸೂರಿನ ಆದೇಶ ರದ್ದಾಯಿತು. ಅವರು ಹಿಡಿದ ಎಳೆ ಸರಳ, ಆದರೆ ಗಟ್ಟಿ. ಮೊಕದ್ದಮೆ ಹಿಂದಕ್ಕೆ ತೆಗೆದುಕೊಳ್ಳಬೇಕೇ ಎಂಬುದನ್ನು ಸರ್ಕಾರಿ ವಕೀಲರು ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು. ಸರ್ಕಾರ ಸಲಹೆ ಕೊಡಬಹುದು, ಅಪ್ಪಣೆ ಕೊಡುವಂತಿಲ್ಲ. ಇಲ್ಲಿ ವಕೀಲರ ಮುಂದೆ ಪೂರ್ತಿ ಕಡತವನ್ನೇ ಇಟ್ಟಿರಲಿಲ್ಲ. ನ್ಯಾಯಾಧೀಶರು ಕೂಡ ಇದು ಸಾರ್ವಜನಿಕ ಹಿತಕ್ಕಾಗಿಯೇ, ನ್ಯಾಯದ ದಾರಿಗೆ ಅಡ್ಡ ಬರುತ್ತದೆಯೇ ಎಂದು ತಾವಾಗಿ ತೂಗಿ ನೋಡಬೇಕಿತ್ತು, ನೋಡಲಿಲ್ಲ. ಬಿಡುಗಡೆಯಾದವರು ಮತ್ತೆ ಕಾಡು ಸೇರಿ ವೀರಪ್ಪನ್ ಬಲ ಹೆಚ್ಚಿಸಿದರೆ ಏನು ಗತಿ ಎಂಬ ಯೋಚನೆಯನ್ನೇ ಯಾರೂ ಮಾಡಿದಂತೆ ಕಾಣಲಿಲ್ಲ. ಗಲಭೆ ಆದೀತು ಎಂಬ ಹೆದರಿಕೆ ಒಂದೇ ಇದಕ್ಕೆ ಆಧಾರವಾಗುವುದಿಲ್ಲ, ಶಾಂತಿ ಕಾಪಾಡುವುದು ಸರ್ಕಾರದ ಕೆಲಸವೇ ಅಲ್ಲವೇ?

ತೀರ್ಪು ಬಂದಾಗ ಎಷ್ಟೋ ಮನೆಗಳಲ್ಲಿ ಜೀವ ಬಾಯಿಗೆ ಬಂದಿತ್ತು. ಕೋರ್ಟು ಬೇಡ ಎಂದಿದೆ, ಇನ್ನು ಅಣ್ಣಾವ್ರ ಗತಿ ಏನು ಎಂದು. ಎಂಟನೇ ದಿನ, ನವೆಂಬರ್ 15ರಂದು, ಅವರು ಬಿಡುಗಡೆಯಾದರು. ಮೈಸೂರಿನ ಕೈದಿಗಳು ಅಂದೂ ಜೈಲಿನಲ್ಲೇ ಇದ್ದರು. ಹಣ ಹೋಯಿತೇ, ಎಷ್ಟು ಹೋಯಿತು ಎಂಬ ಮಾತು ಆಗಿನಿಂದ ಈಗಿನವರೆಗೆ ನಡೆದಿದೆ, ಅದಕ್ಕೆ ನಾನು ಕೈಹಾಕುವುದಿಲ್ಲ.

ನನ್ನ ಮನಸ್ಸನ್ನು ಕೊರೆಯುವುದು ಬೇರೆ ಒಂದು ಸಂಗತಿ. ಆ ತೀರ್ಪು ಸರಿ ಎಂದು ನಾನು ಪೂರ್ತಿ ನಂಬುತ್ತೇನೆ. ಆದರೆ 51 ಮಂದಿ ಅಪಹರಣಕಾರನ ಕೈಗೆ ದಾಳವಾಗಿ ಸಿಕ್ಕಿದ್ದು ಹೇಗೆ? ವಿಚಾರಣೆ ಮುಗಿಸದೆ ಏಳು ವರ್ಷ ಕೂಡಿಹಾಕಿದ್ದರಿಂದ. ಆ ಮೊಕದ್ದಮೆಗಳನ್ನು ಸರ್ಕಾರ 1996ರಲ್ಲೋ 1997ರಲ್ಲೋ ಒಂದೊಂದಾಗಿ ತೆರೆದು, ಯಾರ ಮೇಲೆ ಸಾಕ್ಷ್ಯ ಇದೆ, ಯಾರ ಮೇಲೆ ಇಲ್ಲ ಎಂದು ನೋಡಿದ್ದರೆ ನಿರಪರಾಧಿಗಳು ಮನೆ ಸೇರುತ್ತಿದ್ದರು, ಅಪರಾಧಿಗಳಿಗೆ ಶಿಕ್ಷೆ ಆಗುತ್ತಿತ್ತು, ವೀರಪ್ಪನ್ನನಿಗೆ ಕೇಳಲು ಆ ಬೇಡಿಕೆಯೇ ಇರುತ್ತಿರಲಿಲ್ಲ. ನಟಸಾರ್ವಭೌಮರನ್ನು ಹೊತ್ತೊಯ್ದ ಮೇಲೆ ಎರಡೇ ವಾರದಲ್ಲಿ ಬಿಡಬಹುದು ಎನಿಸಿದವರು ಅದಕ್ಕೆ ಮುಂಚಿನ ಏಳು ವರ್ಷ ಯಾಕೆ ಹಾಗೆ ಕಾಣಲಿಲ್ಲ? 2001ರಲ್ಲಿ ಮೈಸೂರಿನ ನ್ಯಾಯಾಲಯ ಕೊನೆಗೂ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಶಿಕ್ಷೆಯಾದವರಲ್ಲಿ ನಾಲ್ವರಿಗೆ ಸುಪ್ರೀಂ ಕೋರ್ಟು 2004ರಲ್ಲಿ ಗಲ್ಲು ವಿಧಿಸಿತು, ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದಕ್ಕಾಗಿ 2014ರಲ್ಲಿ ಜೀವಾವಧಿಗೆ ಇಳಿಸಿತು. ಅಲ್ಲೂ ಅದೇ ವಿಳಂಬ.

2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಒಯ್ದ. ಈ ಸಲ ಬೀದಿಗಳು ಅಷ್ಟಾಗಿ ಹೊತ್ತಿ ಉರಿಯಲಿಲ್ಲ. ಸಂಧಾನಕ್ಕೆ ಯಾರು ಹೋಗಬೇಕು ಎಂಬ ಮಾತಿನಲ್ಲೇ ವಾರಗಳು ಕಳೆದವು. ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ಸಿಕ್ಕಿತು. ಒತ್ತೆಯಾಳು ಎಷ್ಟು ಪ್ರಸಿದ್ಧ ಎಂಬುದರ ಮೇಲೆ ಸರ್ಕಾರದ ಓಟದ ವೇಗ ನಿಲ್ಲುವುದಾದರೆ ಹೆಸರಿಲ್ಲದ ಬಡಪಾಯಿಯ ಗತಿ ಏನು? 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯಲ್ಲಿ ತಮಿಳುನಾಡಿನ ಕಾರ್ಯಪಡೆ ವೀರಪ್ಪನ್ನನನ್ನು ಕೊಂದಿತು. ರಾಜ್‌ಕುಮಾರ್ ಅಪಹರಣದ ಮೊಕದ್ದಮೆ ಮಾತ್ರ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ ಎಳೆದಾಡುತ್ತಲೇ ಇತ್ತು. ಗಾಜನೂರು ತಮಿಳುನಾಡಿನ ತಾಳವಾಡಿಗೆ ಸೇರಿದ್ದರಿಂದ ವಿಚಾರಣೆ ಅಲ್ಲಿ. 2018ರ ಸೆಪ್ಟೆಂಬರ್‌ನಲ್ಲಿ ಉಳಿದ ಒಂಬತ್ತು ಆರೋಪಿಗಳೂ ಖುಲಾಸೆಯಾದರು. ಅಷ್ಟರಲ್ಲಿ ರಾಜ್‌ಕುಮಾರ್, ಪಾರ್ವತಮ್ಮ ಇಬ್ಬರೂ ಇರಲಿಲ್ಲ. ಇಡೀ ನಾಡು ಕಣ್ಣಾರೆ ಕಂಡ ಅಪಹರಣಕ್ಕೆ ನ್ಯಾಯಾಲಯದ ಲೆಕ್ಕದಲ್ಲಿ ಅಪರಾಧಿ ಎನಿಸಿದವರು ಒಬ್ಬರೂ ಇಲ್ಲ.

ಶಿಕ್ಷೆ ಕಠಿಣವಾದಷ್ಟೂ ಅಪಹರಣ ನಿಲ್ಲುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 364-ಎ ಅಡಿಯ ಮರಣದಂಡನೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2021ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಅಪಹರಣ ಮತ್ತು ಹಣದ ಬೇಡಿಕೆ ಎರಡೇ ಸಾಲದು, ಕೊಲ್ಲುವ ಅಥವಾ ಗಾಯ ಮಾಡುವ ಬೆದರಿಕೆಯೂ ಸಾಬೀತಾಗಬೇಕು. ಶಾಲೆಯ ಹುಡುಗನನ್ನು ಆಟೋದಲ್ಲಿ ಒಯ್ದು ಎರಡು ಲಕ್ಷ ಕೇಳಿದ್ದ ಚಾಲಕನ ಜೀವಾವಧಿ ಶಿಕ್ಷೆ ಏಳು ವರ್ಷಕ್ಕೆ ಇಳಿಯಿತು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒತ್ತೆಹಣದ ಅಪಹರಣ 140ನೇ ಕಲಮಿಗೆ ಬಂದಿದೆ, ಶಿಕ್ಷೆ ಬದಲಾಗಿಲ್ಲ. 137ನೇ ಕಲಮಿನಲ್ಲಿ ಗಂಡುಮಗು ಹೆಣ್ಣುಮಗು ಎಂಬ ಭೇದ ಹೋಗಿ ಇಬ್ಬರಿಗೂ 18 ವರ್ಷ ಎಂದಾಗಿದೆ. ಒಳ್ಳೆಯ ಬದಲಾವಣೆ, ತಡವಾಗಿ ಬಂದದ್ದು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಜೊತೆಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು. ಮೊಕದ್ದಮೆ ಹಿಂತೆಗೆತದ ಹಳೆಯ 321ನೇ ಕಲಮು ಈಗ ಅಲ್ಲಿದೆ. ಅದಕ್ಕೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾರೆ: ಅನ್ಯಾಯಕ್ಕೊಳಗಾದವರ ಮಾತು ಕೇಳದೆ ಯಾವ ನ್ಯಾಯಾಲಯವೂ ಮೊಕದ್ದಮೆ ಹಿಂತೆಗೆತಕ್ಕೆ ಒಪ್ಪಿಗೆ ಕೊಡುವಂತಿಲ್ಲ. ಅವರು ಬದುಕಿಲ್ಲದಿದ್ದರೆ ಅವರ ವಾರಸುದಾರರಿಗೆ ಆ ಹಕ್ಕು. 2000ದಲ್ಲಿ ಅಬ್ದುಲ್ ಕರೀಂ ಅವರು ತಮ್ಮ ಮಾತಿಗೆ ಬೆಲೆ ಸಿಗಬೇಕೆಂದು ಸುಪ್ರೀಂ ಕೋರ್ಟಿನವರೆಗೆ ನಡೆಯಬೇಕಾಯಿತು. ಇನ್ನು ಮುಂದೆ ಅಂಥ ತಂದೆಯನ್ನು ವಿಚಾರಣಾ ನ್ಯಾಯಾಲಯವೇ ಕರೆದು ಕೇಳಬೇಕು.

ನಮಸ್ಕಾರ.